ಪಾತ್ರೆ ಹಿಡಿದವರು, ಸೌಟು ಹಿಡಿದವರು

ಗೃಹಸ್ಥರಿಗೆ ಐದು ಶೀಲ, ಭಿಕ್ಷುಗಳಿಗೆ 227 ನಿಯಮ. ಇವನ್ನು ಕಾಯಲು ಮೇಲೆ ದಂಡಿಸುವ ದೇವರಿಲ್ಲ, ಕೆಳಗೆ ಕೋಲು ಹಿಡಿದ ಕಾವಲುಗಾರನಿಲ್ಲ. ಹಾಗಿದ್ದೂ ಬೌದ್ಧರ ನಡತೆಯ ಕಟ್ಟು ಇಷ್ಟು ಕಾಲ ನಿಂತದ್ದು ಯಾರ ಬಲದಿಂದ?

ಹುಣ್ಣಿಮೆಯ ಮಧ್ಯಾಹ್ನ. ಶ್ರೀಲಂಕೆಯ ಯಾವುದೋ ಹಳ್ಳಿಯ ವಿಹಾರ ಎಂದುಕೊಳ್ಳಿ. ಬೋಧಿವೃಕ್ಷದ ಸುತ್ತಲಿನ ಮರಳಿನ ಮೇಲೆ ಪೊರಕೆಯ ಗೆರೆಗಳು ಇನ್ನೂ ಹಸಿಯಾಗಿವೆ. ಬಿಳಿ ಸೀರೆಯ ಅಜ್ಜಿಯರು, ಬಿಳಿ ಅಂಗಿಯ ಮೇಷ್ಟರು, ಶಾಲೆಗೆ ಹೋಗುವ ಹುಡುಗಿಯರು ನೆರಳಲ್ಲಿ ಚಾಪೆ ಹಾಸಿ ಕುಳಿತಿದ್ದಾರೆ. ಬೆಳಿಗ್ಗೆಯೇ ಎಂಟು ಶೀಲಗಳನ್ನು ಕೈಗೊಂಡವರು ಇವರು. ಹನ್ನೆರಡರೊಳಗೆ ಊಟ ಮುಗಿದಿದೆ. ಇನ್ನು ನಾಳೆ ಬೆಳಗಿನವರೆಗೆ ಅನ್ನದ ಮಾತಿಲ್ಲ. ಪೇಟೆಯಲ್ಲಿ ಹೆಂಡದಂಗಡಿಗೆ ಬೀಗ ಬಿದ್ದಿದೆ. ಅಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’, ಸರ್ಕಾರಿ ರಜೆ.

ವಿಹಾರದ ಇನ್ನೊಂದು ಮೂಲೆಯಲ್ಲಿ, ಗಡಿಕಲ್ಲು ನೆಟ್ಟು ಗುರುತು ಮಾಡಿದ ‘ಸೀಮೆ’ಯೊಳಗೆ, ಭಿಕ್ಷುಗಳು ಸೇರುತ್ತಿದ್ದಾರೆ. ಸಭೆಗೆ ಮುಂಚೆ ಇಬ್ಬಿಬ್ಬರಾಗಿ ಎದುರುಬದುರು ಕುಕ್ಕರುಗಾಲಲ್ಲಿ ಕುಳಿತು ಕೈಮುಗಿದಿದ್ದಾರೆ. ಕಿರಿಯವನು ತಗ್ಗಿದ ದನಿಯಲ್ಲಿ ತನ್ನಿಂದಾದ ತಪ್ಪನ್ನು ಹೇಳುತ್ತಾನೆ. ಆ ತಪ್ಪು ನಿನಗೆ ಕಾಣುತ್ತಿದೆಯೇ ಎಂದು ಹಿರಿಯರು ಕೇಳುತ್ತಾರೆ. ಕಾಣುತ್ತಿದೆ ಎನ್ನುತ್ತಾನೆ. ಹಾಗಾದರೆ ಮುಂದೆ ಎಚ್ಚರವಾಗಿರು ಎನ್ನುತ್ತಾರೆ. ಅಷ್ಟೇ. ಆಮೇಲೆ ಸರದಿ ತಿರುಗುತ್ತದೆ: ತಲೆ ನರೆತ ಹಿರಿಯರು ಕೈಮುಗಿದು ಅದೇ ಹುಡುಗನ ಮುಂದೆ ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ.

ಧ್ಯಾನಕ್ಕೆ ಕುಳಿತ ಬುದ್ಧನ ಪ್ರತಿಮೆ ನಮ್ಮ ಮನೆಯ ಪಡಸಾಲೆಗೂ ಹೋಟೆಲಿನ ಹಜಾರಕ್ಕೂ ಬಂದು ಕೂತಿದೆ. ಆ ಮುಗುಳ್ನಗೆಯ ಹಿಂದಿನ ದಿನನಿತ್ಯದ ಶಿಸ್ತಿನ ಪರಿಚಯ ಮಾತ್ರ ಅರೆಬರೆ. ಪಂಚಶೀಲ ಎಂದರೆ ಹಲವರಿಗೆ ಮೊದಲು ನೆನಪಾಗುವುದು 1954ರ ಭಾರತ–ಚೀನಾ ಒಪ್ಪಂದ. ಬೌದ್ಧರು ಶೀಲ ಎನ್ನುವುದು ಏನನ್ನು? ಅದನ್ನು ಕಾಯುವವರು ಯಾರು?

ಬೇಡ ಎನ್ನದ ಶೀಲ

ಗೃಹಸ್ಥರ ಐದು ಶೀಲಗಳು ಇವು: ಜೀವ ತೆಗೆಯುವುದರಿಂದ, ಕೊಡದ್ದನ್ನು ತೆಗೆದುಕೊಳ್ಳುವುದರಿಂದ, ಕಾಮದಲ್ಲಿ ತಪ್ಪಿ ನಡೆಯುವುದರಿಂದ, ಸುಳ್ಳಿನಿಂದ, ಮೈಮರೆಸುವ ಮತ್ತಿನಿಂದ ದೂರ ಉಳಿಯುವುದು.

ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ಬಸವಣ್ಣನವರ ವಚನವೊಂದು ಏಳು ‘ಬೇಡ’ಗಳಲ್ಲಿ ನಡತೆಯನ್ನು ಕಟ್ಟಿಕೊಡುತ್ತದೆ. ಎದುರಿಗೆ ಕೂರಿಸಿಕೊಂಡು ಹೇಳುವ ಮಾತಿನ ಧಾಟಿ ಅದರದು. ಪಂಚಶೀಲದ ವ್ಯಾಕರಣ ಬೇರೆ. ಅಲ್ಲಿ ಮಾತಾಡುವವನು ಗುರುವಲ್ಲ, ಶೀಲ ತೆಗೆದುಕೊಳ್ಳುವವನೇ. ಪ್ರತಿಯೊಂದು ಶೀಲವೂ ಪಾಲಿಯ ‘ಸಮಾದಿಯಾಮಿ’, ಅಂದರೆ ‘ಕೈಗೊಳ್ಳುತ್ತೇನೆ’ ಎಂಬ ಕ್ರಿಯಾಪದದಲ್ಲಿ ಮುಗಿಯುತ್ತದೆ. ಕೈಗೊಳ್ಳುವುದು ಏನನ್ನು? ‘ಸಿಕ್ಖಾಪದ’ವನ್ನು. ಸಿಕ್ಖಾ ಎಂದರೆ ಶಿಕ್ಷಣ, ಕಲಿಕೆ. ಹಾಗಾಗಿ ಶೀಲ ತಪ್ಪಿದವನನ್ನು ಆಜ್ಞೆ ಮೀರಿದ ಪಾಪಿ ಎನ್ನುವುದಕ್ಕಿಂತ ಪಾಠ ತಪ್ಪಿದ ವಿದ್ಯಾರ್ಥಿ ಎನ್ನುವುದು ಸರಿ. ಮರುದಿನ ಮತ್ತೆ ಕೈಗೊಳ್ಳಬಹುದು. ಬೌದ್ಧ ಊರುಗಳಲ್ಲಿ ಜನ ವಿಹಾರಕ್ಕೆ ಹೋದಾಗಲೆಲ್ಲ ಅದೇ ಐದನ್ನು ಮತ್ತೆ ಮತ್ತೆ ಕೈಗೊಳ್ಳುವುದು ಇದಕ್ಕೇ.

ಎರಡನೆಯದನ್ನು ಗಮನಿಸಿ. ‘ಕದಿಯುವುದು’ ಎನ್ನದೆ ‘ಕೊಡದ್ದನ್ನು ತೆಗೆದುಕೊಳ್ಳುವುದು’ ಎಂದಿದೆ. ತೂಕದಲ್ಲಿ ಹೊಡೆಯುವುದು, ಕಚೇರಿಯ ಕಾಗದ ಮನೆಗೆ ಒಯ್ಯುವುದು, ಬದುವನ್ನು ಗೇಣುದ್ದ ಆಚೆ ಸರಿಸುವುದು, ಇವುಗಳಿಗೆಲ್ಲ ಆ ಮಾತು ತಾಗುತ್ತದೆ. ಮೊದಲನೆಯದಕ್ಕೆ ಅಳತೆಗೋಲು ಉದ್ದೇಶ. ಜೀವವಿದೆ ಎಂದು ತಿಳಿದು, ಕೊಲ್ಲಬೇಕೆಂದು ಬಗೆದು, ಅದಕ್ಕೆ ಕೈ ಹಾಕಿ, ಆ ಜೀವ ಹೋದರೆ ಮಾತ್ರ ಶೀಲ ಮುರಿಯಿತು. ನೇಗಿಲ ಬಾಯಿಗೆ ಗೊತ್ತಿಲ್ಲದೆ ಸಿಕ್ಕ ಹುಳುವಿನ ಲೆಕ್ಕವನ್ನು ರೈತನ ತಲೆಗೆ ಕಟ್ಟುವುದಿಲ್ಲ.

ಮದ್ಯ ಭಿಕ್ಷುಗಳಿಗೆ ನಿಷಿದ್ಧವಾದುದರ ಹಿಂದೆ ಒಂದು ಕಥೆಯಿದೆ. ಸಾಗತನೆಂಬ ಭಿಕ್ಷು ಭಯಂಕರ ನಾಗವೊಂದನ್ನು ಮಣಿಸಿದ ಸುದ್ದಿ ಕೋಸಂಬಿ ನಗರಕ್ಕೆ ಮುಟ್ಟಿತು. ಊರವರಿಗೆ ಅಭಿಮಾನ ಉಕ್ಕಿತು. ಭಿಕ್ಷೆಗೆ ಬಂದವನಿಗೆ ಮನೆಮನೆಯಲ್ಲೂ ಮದ್ಯ ಕೊಟ್ಟರು. ಹೊರಡುವಾಗ ಅವನು ಊರ ಬಾಗಿಲಲ್ಲೇ ಬಿದ್ದ. ಎತ್ತಿ ತಂದು ಮಲಗಿಸಿದರೆ ಬುದ್ಧನ ಕಡೆಗೇ ಕಾಲು ಚಾಚಿದ. ನಾಗನನ್ನು ಗೆದ್ದ ಇವನು ಈಗ ಒಂದು ನೀರುಹಾವಿನೊಂದಿಗಾದರೂ ಸೆಣಸಬಲ್ಲನೇ ಎಂದು ಬುದ್ಧ ಕೇಳಿದ. ಹೆಂಡದ ಮಾತು ಬಂದದ್ದರಿಂದ ಒಂದು ನೆನಪು: ಪಾಲಿ ಗ್ರಂಥಗಳನ್ನು ಕನ್ನಡಕ್ಕೆ ತಂದವರಲ್ಲಿ ಪ್ರಮುಖರು ಜಿ.ಪಿ. ರಾಜರತ್ನಂ. ಹೆಂಡಗುಡುಕ ರತ್ನನನ್ನು ನಮಗೆ ಕೊಟ್ಟವರೂ ಅವರೇ ಎಂಬುದು ನಮ್ಮ ಸಾಹಿತ್ಯದ ಸವಿಯಾದ ತಮಾಷೆ.

ಕಾನೂನಿಗಿಂತ ಮೊದಲು ತಪ್ಪು

ಸಂಘ ಹುಟ್ಟಿದಾಗ ಭಿಕ್ಷುಗಳಿಗೆ ನಿಯಮಗಳ ಪಟ್ಟಿ ಇರಲಿಲ್ಲ. ಈಗಲೇ ನಿಯಮ ಮಾಡಿಬಿಡಿ ಎಂದು ಶಿಷ್ಯ ಸಾರಿಪುತ್ತ ಕೇಳಿದಾಗ ಬುದ್ಧ ಒಪ್ಪಲಿಲ್ಲ. ಕೆಡುಕು ತಲೆದೋರಲಿ, ಆಗ ನೋಡೋಣ ಎಂಬುದು ಅವನ ನಿಲುವು.

ಮೊದಲ ಕೆಡುಕು ವೈಶಾಲಿಯ ಸಮೀಪ ತಲೆದೋರಿತು. ಸುದಿನ್ನ ಎಂಬ ಸಿರಿವಂತರ ಮಗ, ಅನ್ನ ಬಿಟ್ಟು ಹಠ ಹಿಡಿದು ತಾಯಿತಂದೆಯನ್ನು ಒಪ್ಪಿಸಿ ಭಿಕ್ಷುವಾಗಿದ್ದ. ಬರಗಾಲದಲ್ಲಿ ಅವನು ಊರ ಕಡೆ ಬಂದಾಗ, ವಾರಸುದಾರನಿಲ್ಲದ ಆಸ್ತಿ ಅರಸರ ಪಾಲಾಗುತ್ತದೆ, ಒಂದು ಕುಡಿಯನ್ನಾದರೂ ಕೊಡು ಎಂದು ತಾಯಿ ಅಂಗಲಾಚಿದಳು. ಅವನು ಹಿಂದಿನ ಹೆಂಡತಿಯನ್ನು ಕೂಡಿದ. ಹುಟ್ಟಿದ ಮಗುವಿಗೆ ‘ಬೀಜಕ’ ಎಂದೇ ಹೆಸರಾಯಿತು. ಸುದಿನ್ನ ಮಾತ್ರ ಕೊರಗಿ ಸೊರಗಿದ. ಮುಖ ಬಾಡಿದ್ದನ್ನು ಕಂಡು ಜೊತೆಯ ಭಿಕ್ಷುಗಳು ವಿಚಾರಿಸಿದಾಗ ಎಲ್ಲವನ್ನೂ ಹೇಳಿದ. ಬ್ರಹ್ಮಚರ್ಯದ ನಿಯಮ ಹುಟ್ಟಿದ್ದು ಆಗ. ನಿಯಮ ಬರುವ ಮೊದಲೇ ತಪ್ಪಿದವನೆಂದು ಸುದಿನ್ನನಿಗೆ ಅದು ಅನ್ವಯಿಸಲಿಲ್ಲ. ಹಿಂದಿನ ತಪ್ಪಿಗೆ ಇಂದಿನ ಕಾನೂನು ಹಚ್ಚಬಾರದೆಂಬ ವಿವೇಕ ಅಷ್ಟು ಹಳೆಯದು.

ಕಳ್ಳತನದ ನಿಯಮಕ್ಕೆ ಕಾರಣನಾದವನು ಕುಂಬಾರರ ಮಗ ಧನಿಯ. ರಾಜ ಬಿಂಬಿಸಾರನ ಮರದ ದಾಸ್ತಾನಿನಿಂದ, ಅರಸನೇ ಕೊಟ್ಟಿದ್ದಾನೆಂದು ಹೇಳಿ, ಗುಡಿಸಲಿಗೆ ದಿಮ್ಮಿ ಸಾಗಿಸಿದ್ದ. ಪಟ್ಟಕ್ಕೆ ಬಂದಾಗ ಶ್ರಮಣರಿಗೆ ಕಟ್ಟಿಗೆ ನೀರು ಬಳಸಲು ಬಿಟ್ಟಿದ್ದೇನೆ ಎಂದು ನೀವೇ ಸಾರಿದ್ದಿರಲ್ಲ ಎಂಬುದು ಅವನ ವಾದ! ಅರಸ ಬಿಟ್ಟು ಕಳಿಸಿದರೂ ಊರ ಬಾಯಿ ಬಿಡಲಿಲ್ಲ. ಎಷ್ಟು ಬೆಲೆಯ ಕಳವಿಗೆ ರಾಜ್ಯದಲ್ಲಿ ಕಠಿಣ ಶಿಕ್ಷೆ ಎಂದು ಬುದ್ಧ, ಹಿಂದೆ ನ್ಯಾಯಾಧಿಕಾರಿಯಾಗಿದ್ದ ಭಿಕ್ಷುವೊಬ್ಬನನ್ನು ಕೇಳಿದ. ಅವನು ಹೇಳಿದ ‘ಪಾದ’ ಎಂಬ ನಾಣ್ಯದ ಬೆಲೆಯೇ ಸಂಘಕ್ಕೂ ಗಡಿಯಾಯಿತು.

ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದ ಕಥೆಗಳಲ್ಲಿ ಒಂದು ಮಾತು ಪಲ್ಲವಿಯಂತೆ ಬರುತ್ತದೆ: ಜನ ಗೊಣಗಿದರು, ಆಡಿಕೊಂಡರು. ಮಳೆಗಾಲದಲ್ಲಿ ಹಕ್ಕಿಗಳೂ ಗೂಡು ಸೇರುತ್ತವೆ, ಈ ಭಿಕ್ಷುಗಳು ಮಾತ್ರ ಹಸಿರು ತುಳಿದು, ಹುಳುಹುಪ್ಪಟೆ ಕೊಂದು ಅಲೆಯುತ್ತಾರೆ ಎಂದು ಜನ ಆಡಿಕೊಂಡದ್ದರಿಂದಲೇ ಮೂರು ತಿಂಗಳು ಒಂದೆಡೆ ನಿಲ್ಲುವ ವರ್ಷಾವಾಸ ಬಂತು. ಊರ ಜಗಲಿಯ ಮಾತು ಸಂಘದ ಶಾಸನವಾಯಿತು.

227ರ ಒಳಗೇನಿದೆ?

ಶ್ರೀಲಂಕೆ, ಮ್ಯಾನ್ಮಾರ್, ಥಾಯ್ಲೆಂಡಿನ ಥೇರವಾದ ಸಂಪ್ರದಾಯದಲ್ಲಿ ಭಿಕ್ಷುವಿಗೆ 227, ಭಿಕ್ಷುಣಿಗೆ 311 ನಿಯಮಗಳು. ಇವುಗಳ ಪಾಠಕ್ಕೆ ‘ಪಾತಿಮೋಕ್ಖ’ ಎಂದು ಹೆಸರು. ಟಿಬೆಟಿನವರು ಪಾಲಿಸುವ ಮೂಲಸರ್ವಾಸ್ತಿವಾದ ವಿನಯದಲ್ಲಿ ಭಿಕ್ಷುವಿಗೆ 253. ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದರೂ ತಿರುಳು ಒಂದೇ.

ಎಲ್ಲಕ್ಕಿಂತ ಮೇಲಿರುವವು ನಾಲ್ಕು ‘ಪಾರಾಜಿಕ’ಗಳು: ಮೈಥುನ, ಕಳವು, ನರಹತ್ಯೆ, ಇಲ್ಲದ ಸಿದ್ಧಿಯನ್ನು ಇದೆ ಎಂದು ಹೇಳಿಕೊಳ್ಳುವುದು. ಇವುಗಳಲ್ಲಿ ಒಂದನ್ನು ಮಾಡಿದವನು ಆ ಕ್ಷಣವೇ ಭಿಕ್ಷುವಲ್ಲ. ನಾಲ್ಕನೆಯದು ಕೊಲೆಯ ಸಾಲಿನಲ್ಲಿ ನಿಂತಿರುವುದು ಓದುಗರಿಗೆ ಅಚ್ಚರಿಯಾದೀತು. ಬರಗಾಲದಲ್ಲಿ ಕೆಲವು ಭಿಕ್ಷುಗಳು, ಇವರು ಮಹಾಜ್ಞಾನಿ, ಅವರು ಮಹಾಸಿದ್ಧ ಎಂದು ಒಬ್ಬರನ್ನೊಬ್ಬರು ಊರವರ ಮುಂದೆ ಹೊಗಳಿಕೊಂಡರು. ಜನ ತಮ್ಮ ಮಕ್ಕಳ ಬಾಯಿಗೆ ಹೋಗಬೇಕಾದ ತುತ್ತನ್ನು ಇವರ ಪಾತ್ರೆಗೆ ಹಾಕಿದರು. ಮಳೆಗಾಲ ಮುಗಿದಾಗ ಉಳಿದ ಭಿಕ್ಷುಗಳು ಬಡಕಲಾಗಿ ಬಂದರೆ ಇವರು ಮೈ ತುಂಬಿಕೊಂಡು ಬಂದರು. ಪವಾಡ ತೋರಿ ಜೋಳಿಗೆ ತುಂಬಿಸಿಕೊಳ್ಳುವವರನ್ನು ಕಂಡ ನಮಗೆ ಈ ನಿಯಮದ ತೂಕ ಬಿಡಿಸಿ ಹೇಳಬೇಕಿಲ್ಲ.

ಪಟ್ಟಿಯ ಇನ್ನೊಂದು ತುದಿಯಲ್ಲಿ 75 ಶಿಷ್ಟಾಚಾರಗಳಿವೆ. ಇನ್ನಷ್ಟು ಬಡಿಸಲಿ ಎಂದು ಪಲ್ಯವನ್ನು ಅನ್ನದಡಿ ಮುಚ್ಚಿಡಬಾರದು. ಉಣ್ಣುವಾಗ ‘ಚಪುಚಪು’ ಎನ್ನಿಸಬಾರದು, ಕುಡಿಯುವಾಗ ‘ಸುರುಸುರು’ ಎನ್ನಿಸಬಾರದು. ಆ ಸದ್ದುಗಳಿಗೆ ಪಾಲಿಯ ಮೂಲದಲ್ಲಿರುವ ಪದಗಳೂ ಇವೇ. ಪಂಕ್ತಿಯಲ್ಲಿ ಸಾರು ಸೊರಸೊರ ಎನ್ನಿಸಿ ಅಜ್ಜಿಯಿಂದ ಬೈಸಿಕೊಂಡ ಕನ್ನಡಿಗರಿಗೆ ಭಾಷಾಂತರವೇ ಬೇಡ.

ನಡುವೆ ಬಟ್ಟೆ, ಊಟ, ಹಾಸಿಗೆ, ಹಣದ ನಿಯಮಗಳು. ಚಿನ್ನ ಬೆಳ್ಳಿ ಮುಟ್ಟುವಂತಿಲ್ಲ. ನೆಲ ಅಗೆಯುವಂತಿಲ್ಲ, ಗಿಡ ಕಡಿಯುವಂತಿಲ್ಲ. ಕಾಯಿಲೆಗೆಂದು ಪಡೆದ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲವನ್ನು ಏಳು ದಿನ ಇಟ್ಟುಕೊಳ್ಳಬಹುದು. ಎಂಟನೆಯ ದಿನ ಬಿಟ್ಟುಕೊಡಬೇಕು. ಭಿಕ್ಷು ಹೊದೆಯುವ ಚೀವರವನ್ನು ಇಡೀ ಬಟ್ಟೆಯಲ್ಲಿ ಹೊಲಿಯುವಂತಿಲ್ಲ, ತುಂಡುಗಳನ್ನು ಜೋಡಿಸಬೇಕು. ಮಗಧದ ಭತ್ತದ ಗದ್ದೆಗಳನ್ನು ತೋರಿಸಿ, ಈ ಬದುಗಳ ಹಾಗೆ ಹೊಲಿಯಬಲ್ಲೆಯಾ ಎಂದು ಬುದ್ಧ ಶಿಷ್ಯ ಆನಂದನನ್ನು ಕೇಳಿದನಂತೆ. ಇವತ್ತಿಗೂ ಭಿಕ್ಷುವಿನ ಬೆನ್ನ ಮೇಲಿನ ಹೊಲಿಗೆಯ ಗೆರೆಗಳಲ್ಲಿ ಆ ಗದ್ದೆಯ ಬದುಗಳಿವೆ.

ಇಬ್ಬರ ಕೈಯಲ್ಲೂ ಅಂಕುಶ

ಈ ನಿಯಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಯೋಜನೆ ಕಾಣುತ್ತದೆ. ಬೆಳೆಯುವಂತಿಲ್ಲ, ಕೊಳ್ಳುವಂತಿಲ್ಲ, ಕೂಡಿಡುವಂತಿಲ್ಲ. ಕೈಗಿತ್ತದ್ದನ್ನು ಮಾತ್ರ ಮಧ್ಯಾಹ್ನದೊಳಗೆ ಉಣ್ಣಬೇಕು. ಅಂದಮೇಲೆ ಭಿಕ್ಷು ದಿನಕ್ಕೊಮ್ಮೆಯಾದರೂ ಊರಿನ ಮುಂದೆ ನಿಲ್ಲಲೇಬೇಕು. ಕಾಡಿನ ಗುಹೆಯಲ್ಲಿ ತನ್ನಷ್ಟಕ್ಕೆ ಇರುತ್ತೇನೆ ಎಂದರೆ ಹೊಟ್ಟೆ ಕೇಳುವುದಿಲ್ಲ.

ಲಾವೋಸ್, ಥಾಯ್ಲೆಂಡ್, ಮ್ಯಾನ್ಮಾರ್‌ನ ಊರುಗಳಲ್ಲಿ ನಸುಕಿನಲ್ಲಿ ಬರಿಗಾಲ ಸಾಲು ಹೊರಡುವುದು ಹೀಗೆ. ಭಿಕ್ಷುಗಳು ಏನನ್ನೂ ಬೇಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಅನ್ನ ಹಾಕಿದವರೇ ಬಾಗಿ ನಮಸ್ಕರಿಸುತ್ತಾರೆ. ಕೊಡುವ ಅವಕಾಶ ಸಿಕ್ಕಿತೆಂಬ ಕೃತಜ್ಞತೆ ಅವರದು. ಸೌಟು ಹಿಡಿದವರ ಕಣ್ಣು ಮಾತ್ರ ಪಾತ್ರೆ ಹಿಡಿದವರನ್ನು ದಿನವೂ ಅಳೆಯುತ್ತಿರುತ್ತದೆ.

ಗೃಹಸ್ಥರಿಗೆ ಸಂಘ ಎಷ್ಟು ಬೆಲೆ ಕೊಟ್ಟಿತ್ತು ಎಂಬುದಕ್ಕೆ ಚಿತ್ತನೆಂಬ ಉಪಾಸಕನ ಪ್ರಸಂಗ ಸಾಕು. ಅವನು ಸಾರಿಪುತ್ತ ಮೊದಲಾದ ಹಿರಿಯರನ್ನು ಊಟಕ್ಕೆ ಕರೆದ. ತನ್ನನ್ನು ಮೊದಲು ಕೇಳಲಿಲ್ಲವೆಂದು ಅಲ್ಲೇ ನೆಲೆಸಿದ್ದ ಸುಧಮ್ಮ ಎಂಬ ಭಿಕ್ಷು ಮುನಿಸಿಕೊಂಡ. ಅಡುಗೆ ನೋಡಿ, ಎಲ್ಲವೂ ಇದೆ, ಎಳ್ಳಿನ ತಿಂಡಿಯೊಂದೇ ಇಲ್ಲ ಎಂದು ಚುಚ್ಚಿದ. ವಿಷಯ ಬುದ್ಧನವರೆಗೂ ಹೋಯಿತು. ಸುಧಮ್ಮ ಹೋಗಿ ಆ ಗೃಹಸ್ಥನ ಕ್ಷಮೆ ಕೇಳಬೇಕೆಂದು ತೀರ್ಮಾನವಾಯಿತು. ಒಬ್ಬನೇ ಹೋಗಲು ಅವನಿಗೆ ನಾಚಿಕೆಯಾದಾಗ ಸಂಘ ಜೊತೆಗೊಬ್ಬನನ್ನು ಕೊಟ್ಟು ಕಳಿಸಿತು.

ಕೋಸಂಬಿಯಲ್ಲಿ ಭಿಕ್ಷುಗಳು ಎರಡು ಬಣವಾಗಿ ಒಡೆದದ್ದು, ಅಟ್ಠಕಥೆಗಳೆಂಬ ಪಾಲಿ ವ್ಯಾಖ್ಯಾನಗಳ ಪ್ರಕಾರ, ಶೌಚದ ಪಾತ್ರೆಯಲ್ಲಿ ಯಾರೋ ನೀರು ಉಳಿಸಿದ ಕಾರಣಕ್ಕೆ. ಬುದ್ಧ ಹೇಳಿದರೂ ಕೇಳಲಿಲ್ಲ. ಅವನು ಬೇಸತ್ತು ಕಾಡಿಗೆ ಹೋದ. ಕೊನೆಗೆ ದಾರಿಗೆ ತಂದವರು ಊರವರು. ಎದ್ದು ನಿಲ್ಲುವುದಿಲ್ಲ, ಕೈಮುಗಿಯುವುದಿಲ್ಲ, ಅನ್ನ ಹಾಕುವುದಿಲ್ಲ ಎಂದು ಕೂತರು. ಬುದ್ಧನ ಬುದ್ಧಿಮಾತಿಗೆ ಬಗ್ಗದ ಜಗಳ ಖಾಲಿ ಪಾತ್ರೆಗೆ ಬಗ್ಗಿತು.

ಅಂಕುಶ ಭಿಕ್ಷುಗಳ ಕೈಯಲ್ಲೂ ಇದೆ. ಸಂಘಕ್ಕೆ ಕೇಡು ಬಗೆದವನಿಂದ ಭಿಕ್ಷೆ ಸ್ವೀಕರಿಸದೆ ‘ಪಾತ್ರೆ ಕವುಚುವ’ ಕ್ರಮ ವಿನಯದಲ್ಲೇ ಇದೆ. 2007ರಲ್ಲಿ ಮ್ಯಾನ್ಮಾರ್‌ನ ಭಿಕ್ಷುಗಳು ಸೇನಾಡಳಿತದ ವಿರುದ್ಧ ಬೀದಿಗಿಳಿದಾಗ ಸೈನಿಕ ಅಧಿಕಾರಿಗಳಿಗೆ ಪಾತ್ರೆ ಕವುಚಿದರು. ಬಂದೂಕು ಹಿಡಿದವನ ಅನ್ನವನ್ನು ಬೇಡ ಎನ್ನುವುದು ಅಲ್ಲಿ ಬಹಿಷ್ಕಾರಕ್ಕೆ ಸಮ. ಪುಣ್ಯ ಗಳಿಸುವ ಬಾಗಿಲೇ ಮುಚ್ಚಿದ ಹಾಗೆ.

ಮನೆಯೊಳಗಿನ ಆರು ದಿಕ್ಕು

ಗೃಹಸ್ಥರ ನಡತೆಗೆ ಬೌದ್ಧರು ಇಂದಿಗೂ ಮುಂದಿಡುವ ಪಠ್ಯ ಸಿಗಾಲೋವಾದ ಸುತ್ತ. ರಾಜಗೃಹದ ಹೊರಗೆ ಬೆಳಗಿನ ಜಾವ ಒದ್ದೆ ಬಟ್ಟೆ, ಒದ್ದೆ ಕೂದಲಲ್ಲಿ ಸಿಗಾಲ ಎಂಬ ಯುವಕ ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ. ಸಾಯುವಾಗ ಅಪ್ಪ ಹೇಳಿಹೋದದ್ದು. ಬುದ್ಧ ಅದನ್ನು ಬಿಡು ಎನ್ನಲಿಲ್ಲ. ದಿಕ್ಕುಗಳ ಅರ್ಥ ಬದಲಿಸಿದ. ಪೂರ್ವವೆಂದರೆ ತಾಯಿತಂದೆ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಸ್ನೇಹಿತರು, ಕೆಳಗೆ ಕೆಲಸದವರು, ಮೇಲೆ ಶ್ರಮಣ ಬ್ರಾಹ್ಮಣರು.

ಒಂದೊಂದು ದಿಕ್ಕಿಗೂ ಎರಡೂ ಕಡೆಯ ಕರ್ತವ್ಯಗಳನ್ನು ಹೇಳಲಾಗಿದೆ. ಮಕ್ಕಳ ಕರ್ತವ್ಯವಿದ್ದರೆ ತಾಯಿತಂದೆಯದೂ ಇದೆ. ಗಂಡ ಹೆಂಡತಿಯನ್ನು ಗೌರವಿಸಬೇಕು, ಹಳಿಯಬಾರದು, ಮನೆಯ ಅಧಿಕಾರ ಅವಳಿಗೆ ಬಿಟ್ಟುಕೊಡಬೇಕು. ಯಜಮಾನ ಆಳಿಗೆ ಶಕ್ತಿ ನೋಡಿ ಕೆಲಸ ಹಚ್ಚಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆಯಲ್ಲಿ ನೋಡಿಕೊಳ್ಳಬೇಕು, ವಿಶೇಷ ಅಡುಗೆಯಾದರೆ ಪಾಲು ಕೊಡಬೇಕು, ಕಾಲಕಾಲಕ್ಕೆ ಬಿಡುವು ಕೊಡಬೇಕು. ಸಂಪಾದನೆಯನ್ನು ನಾಲ್ಕು ಪಾಲು ಮಾಡಿ, ಒಂದನ್ನು ಅನುಭವಿಸಿ, ಎರಡನ್ನು ಕಸುಬಿಗೆ ಹಾಕಿ, ನಾಲ್ಕನೆಯದನ್ನು ಆಪತ್ಕಾಲಕ್ಕೆ ಇಡು ಎಂಬ ಲೆಕ್ಕವೂ ಅಲ್ಲೇ ಬರುತ್ತದೆ. ಮಾಡಬಾರದ ವ್ಯಾಪಾರಗಳನ್ನು ಇನ್ನೊಂದು ಸುತ್ತ ಎಣಿಸುತ್ತದೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ.

ಸುಳ್ಳಿನ ಬಗ್ಗೆ ಬುದ್ಧ ಮಾತಾಡಿದ್ದು ಸ್ವಂತ ಮಗನ ಜೊತೆ. ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ ರಾಹುಲನಿಗೆ ತೋರಿಸಿದ. ಬೇಕೆಂದೇ ಸುಳ್ಳಾಡುವವನಲ್ಲಿ ಉಳಿದಿರುವ ಒಳ್ಳೆಯತನ ಇಷ್ಟೇ ಎಂದ. ಆ ನೀರನ್ನೂ ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ ತೋರಿಸಿದ. ಕನ್ನಡಿ ಇರುವುದು ಏತಕ್ಕೆ ಎಂದು ಕೇಳಿದ. ನೋಡಿಕೊಳ್ಳುವುದಕ್ಕೆ ಎಂದ ಹುಡುಗ. ಹಾಗೆಯೇ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನಿನ್ನ ಕೆಲಸವನ್ನು ನೋಡಿಕೋ ಎಂದ. ತಪ್ಪಾಗಿದ್ದರೆ ತಿಳಿದವರ ಮುಂದೆ ಹೇಳು ಎಂಬುದೂ ಆ ಪಾಠದಲ್ಲಿ ಸೇರಿತ್ತು.

ಬಂಡೆಯ ಮೇಲೊಂದು ತಪ್ಪೊಪ್ಪಿಗೆ

ರಾಹುಲನಿಗೆ ಹೇಳಿದ ಈ ಪಾಠ ಅಶೋಕನಿಗೆ ಅಚ್ಚುಮೆಚ್ಚು. ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕ ಶಾಸನದಲ್ಲಿ, ಭಿಕ್ಷು ಭಿಕ್ಷುಣಿಯರಷ್ಟೇ ಅಲ್ಲದೆ ಉಪಾಸಕ ಉಪಾಸಿಕೆಯರೂ ಕೇಳಿ ಮನನ ಮಾಡಬೇಕಾದ ಪಠ್ಯಗಳನ್ನು ಅವನು ಹೆಸರಿಸುತ್ತಾನೆ. ಅವುಗಳಲ್ಲಿ ಇದೂ ಒಂದು.

ನಮ್ಮ ನೆಲದ ಸಾಕ್ಷ್ಯ ಇನ್ನೂ ಸ್ವಾರಸ್ಯಕರ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, 
ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅವು ಸಾರುವುದು ಪಠ್ಯಪುಸ್ತಕಗಳಲ್ಲಿ ಇದೆ.

ನಾವು ಅಷ್ಟಾಗಿ ಗಮನಿಸದ ಸಾಲು ಅದಕ್ಕಿಂತ ಮುಂಚೆ ಬರುತ್ತದೆ. ನಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಆದರೆ ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ, ಸಂಘದ ಹತ್ತಿರಕ್ಕೆ ಬಂದ ಮೇಲೆಯೇ ಗಟ್ಟಿಯಾಗಿ ತೊಡಗಿದೆ ಎಂಬ ಅರ್ಥದ ಮಾತುಗಳನ್ನು ಚಕ್ರವರ್ತಿ ಬಂಡೆಗೆ ಕೆತ್ತಿಸಿದ್ದಾನೆ. ಗೆದ್ದ ಯುದ್ಧ, ಕೊಟ್ಟ ದತ್ತಿ ಹೇಳಿಕೊಳ್ಳುವ ಶಾಸನಗಳು ನಮ್ಮಲ್ಲಿ ಸಾವಿರಾರಿವೆ. ಮೈಗಳ್ಳತನ ಒಪ್ಪಿಕೊಂಡ ರಾಜಶಾಸನ ಅಪರೂಪ. ಸೀಮೆಯೊಳಗೆ ಭಿಕ್ಷುಗಳು ಪಿಸುಗುಟ್ಟುವುದನ್ನು ಅಶೋಕ ಬಯಲಲ್ಲಿ, ಎಲ್ಲರ ಕಣ್ಣೆದುರು ಮಾಡಿದ.

ಸುಮಾರು ಇಪ್ಪತ್ತೆರಡು ಶತಮಾನಗಳ ನಂತರ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಹಿರಿಯ ಭಿಕ್ಷು ಚಂದ್ರಮಣಿ ಅವರಿಂದ ತ್ರಿಶರಣ, ಪಂಚಶೀಲ ಪಡೆದರು. ಆಮೇಲೆ ನೆರೆದಿದ್ದ ಲಕ್ಷಾಂತರ ಜನರಿಗೆ ತಾವೇ ಅವನ್ನು ಬೋಧಿಸಿ, 22 ಪ್ರತಿಜ್ಞೆಗಳನ್ನೂ ಮಾಡಿಸಿದರು. ಚೀವರ ಉಡದ ಒಬ್ಬ ಗೃಹಸ್ಥ ಲಕ್ಷಾಂತರ ಗೃಹಸ್ಥರಿಗೆ ಶೀಲ ಕೊಟ್ಟ ದಿನ ಅದು. ಹುಟ್ಟಿನಿಂದಲೇ ಮೈಲಿಗೆ ಎನಿಸಿಕೊಂಡವರಿಗೆ, ಮನುಷ್ಯನ ಬೆಲೆ ನಡತೆಯಿಂದ ಎಂಬ ಮಾತು ಬರೀ ಉಪದೇಶವಾಗಿ ಕೇಳಿಸಲಿಲ್ಲ, ಬಿಡುಗಡೆಯಾಗಿ ಕೇಳಿಸಿತು.

ಅಗೆಯಬಾರದವರು ಅಗೆದ ನೆಲ

ಬೈಲುಕುಪ್ಪೆಯ ‘ಗೋಲ್ಡನ್ ಟೆಂಪಲ್’ ನೋಡಲು ಹೋಗುವವರು ಕೆಂಪು ಬಟ್ಟೆಯ ಭಿಕ್ಷುಗಳನ್ನು ಕಂಡಿರುತ್ತಾರೆ. ಅದು ಟಿಬೆಟಿನ ಗುರು ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಲು ತೊಡಗಿದ ನಾಮ್‌ಡ್ರೋಲಿಂಗ್ ಮಠ. ಟಿಬೆಟ್ ತೊರೆದು ಬಂದ ದೊಡ್ಡ ಮಠಗಳ ಭಿಕ್ಷುಗಳಲ್ಲಿ ಹಲವರು ಪಶ್ಚಿಮ ಬಂಗಾಳದ ಬಕ್ಸಾದ ಶಿಬಿರದಲ್ಲಿ ಸುಮಾರು ಹತ್ತು ವರ್ಷ ಕಳೆದು, 1970ರ ಆಸುಪಾಸಿನಲ್ಲಿ ಕರ್ನಾಟಕಕ್ಕೆ ಬಂದರು. ಸೆರಾ ಮಠ ಬೈಲುಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡಿನಲ್ಲಿ ಮತ್ತೆ ಎದ್ದವು.

ಭಿಕ್ಷೆ ಹಾಕುವ ತಮ್ಮ ಊರೇ ಇಲ್ಲದ ಭಿಕ್ಷುಗಳು ಇವರು. ಗ್ರಂಥ ಹಿಡಿಯುತ್ತಿದ್ದ ಕೈಗಳು ಕಾಡು ಸವರಿದವು, ಗುದ್ದಲಿ ಹಿಡಿದವು, ಮೆಕ್ಕೆಜೋಳ ಬಿತ್ತಿದವು. ನೆಲ ಅಗೆಯಬಾರದೆಂಬ ನಿಯಮ ಓದಿದವರೇ ನೆಲ ಅಗೆದರು. ಸೌಟು ಹಿಡಿಯುವವರು ಎದುರಿಗಿಲ್ಲದಾಗ ಪಾತ್ರೆಯ ನಿಯಮವೂ ಬೇರೆ ರೂಪ ತಾಳಬೇಕಾಗುತ್ತದೆ. ಚೀನಾದ ಚಾನ್ ಮಠಗಳಲ್ಲೂ ಶತಮಾನಗಳ ಹಿಂದೆಯೇ ಹೀಗಾಗಿತ್ತು; ಅಲ್ಲಿ ಭಿಕ್ಷುಗಳ ಮೈಮುರಿಯುವ ದುಡಿಮೆಯೇ ಸಾಧನೆಯ ಭಾಗವಾಯಿತು. ಹದಿನೈದು ದಿನಕ್ಕೊಮ್ಮೆ ಸೇರಿ ತಪ್ಪು ಒಪ್ಪಿಕೊಳ್ಳುವ ಕ್ರಮವನ್ನು ಮಾತ್ರ ಬೈಲುಕುಪ್ಪೆ, ಮುಂಡಗೋಡಿನ ಭಿಕ್ಷುಗಳು ಬಿಟ್ಟಿಲ್ಲ. ಟಿಬೆಟಿಯನ್ನರು ಅದನ್ನು ‘ಸೋಜೋಂಗ್’ ಎನ್ನುತ್ತಾರೆ. ಮಳೆಗಾಲದ ವಾಸ ಅವರಿಗೆ ‘ಯಾರ್‌ನೆ’.

ಚಿತೆಯ ಹೊಗೆ ಆರುವ ಮುನ್ನ

ಸಣ್ಣಪುಟ್ಟ ನಿಯಮಗಳನ್ನು ಬೇಕಾದರೆ ಸಂಘ ಕೈಬಿಡಬಹುದು ಎಂದು ಬುದ್ಧ ಕೊನೆಗಾಲದಲ್ಲಿ ಆನಂದನಿಗೆ ಹೇಳಿದ್ದ. ಯಾವುವು ಸಣ್ಣವು ಎಂದು ಆನಂದ ಕೇಳಲಿಲ್ಲ! ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಸೇರಿದ ಸಂಘದ ಮೊದಲ ಸಭೆಯಲ್ಲಿ ಇದೇ ದೊಡ್ಡ ಚರ್ಚೆಯಾಯಿತು. ಹಿರಿಯ ಭಿಕ್ಷು ಮಹಾಕಸ್ಸಪ ಯಾವುದನ್ನೂ ಬಿಡುವುದು ಬೇಡ ಎಂದ. ಅವನು ಕೊಟ್ಟ ಕಾರಣ ಮತ್ತೆ ಊರ ಮಾತೇ. ನಮ್ಮ ನಿಯಮಗಳು ಗೃಹಸ್ಥರಿಗೂ ಗೊತ್ತು. ಈಗ ಬಿಟ್ಟರೆ, ಗುರುವಿನ ಚಿತೆಯ ಹೊಗೆ ಇರುವವರೆಗೆ ಮಾತ್ರ ಇವರ ನಿಯಮ ಎಂದು ಆಡಿಕೊಳ್ಳುತ್ತಾರೆ ಎಂದ.

ಬಿಡಲಿಲ್ಲವಾದರೂ ಜಗ್ಗಾಟ ನಿಲ್ಲಲಿಲ್ಲ. ಸುಮಾರು ನೂರು ವರ್ಷಗಳ ನಂತರ ವೈಶಾಲಿಯ ಭಿಕ್ಷುಗಳು ಉಪೋಸಥದ, ಅಂದರೆ ಸಂಘ ಸೇರುವ ವ್ರತದ ದಿನ ಕಂಚಿನ ಪಾತ್ರೆಯಲ್ಲಿ ನೀರು ತುಂಬಿಟ್ಟು, ಅದರೊಳಗೆ ನಾಣ್ಯ ಹಾಕಿ ಎಂದು ಜನರನ್ನು ಕೇಳತೊಡಗಿದರು. ಯಸ ಎಂಬ ಭಿಕ್ಷು ಕೊಡಬೇಡಿ ಎಂದ. ಉಪಾಸಕರನ್ನು ನೋಯಿಸಿದ್ದೀಯ, ಹೋಗಿ ಕ್ಷಮೆ ಕೇಳು ಎಂದು ಆ ಭಿಕ್ಷುಗಳು ಅವನ ಮೇಲೆಯೇ ಕ್ರಮ ಕೈಗೊಂಡರು. ಅವನು ಜನರ ಬಳಿಗೆ ಹೋಗಿ, ಬುದ್ಧ ಹೇಳಿದ್ದು ಇದು, ಇವರು ಮಾಡುತ್ತಿರುವುದು ಇದು ಎಂದು ಬಿಡಿಸಿ ಹೇಳಿದ. ಜನ ಅವನ ಪರ ನಿಂತರು. ಆಮೇಲೆ ಏಳುನೂರು ಹಿರಿಯರು ಸೇರಿ ಹಣವೂ ಸೇರಿದಂತೆ ಹತ್ತು ಸಡಿಲಿಕೆಗಳನ್ನು ತಳ್ಳಿಹಾಕಿದರು. ಹಣದ ಪ್ರಶ್ನೆ ಇವತ್ತಿಗೂ ಹಸಿಯಾಗಿದೆ. ಕಾಡಿನ ಮಠಗಳಲ್ಲಿ ಹಣ ಮುಟ್ಟದ ಭಿಕ್ಷುಗಳಿದ್ದಾರೆ. ಅವರ ಬಸ್ ಟಿಕೆಟನ್ನು ಬೇರೆಯವರು ತೆಗೆಸಿಕೊಡುತ್ತಾರೆ. ನಗರದ ವಿಹಾರಗಳಲ್ಲಿ ಹಣ, ಮೊಬೈಲ್ ಎರಡೂ ಕೈಯಲ್ಲಿರುವವರೂ ಇದ್ದಾರೆ.

ಇನ್ನೊಂದು ಪ್ರಶ್ನೆ ಹೆಣ್ಣುಮಕ್ಕಳದು. ಬುದ್ಧನ ಸಾಕುತಾಯಿ, ಮೊದಲ ಭಿಕ್ಷುಣಿ ಮಹಾಪ್ರಜಾಪತಿ ಗೌತಮಿಗೆ ವಿಧಿಸಿದರೆನ್ನುವ ಎಂಟು ಷರತ್ತುಗಳಲ್ಲಿ ಮೊದಲನೆಯದೇ, ನೂರು ವರ್ಷದ ಹಿರಿಯ ಭಿಕ್ಷುಣಿಯೂ ಅಂದು ದೀಕ್ಷೆ ಪಡೆದ ಭಿಕ್ಷುವಿಗೆ ನಮಸ್ಕರಿಸಬೇಕು ಎನ್ನುತ್ತದೆ. ಭಿಕ್ಷುಣಿಯ ದೀಕ್ಷೆಗೆ ಭಿಕ್ಷುಣಿಯರ ಸಂಘವೂ ಬೇಕು. ಹಾಗಾಗಿ ಒಮ್ಮೆ ಕಡಿದ ಪರಂಪರೆಯನ್ನು ಮತ್ತೆ ಬೆಸೆಯುವುದು ಕಷ್ಟ. ಶ್ರೀಲಂಕೆಯಲ್ಲಿ ಸುಮಾರು ಹನ್ನೊಂದನೆಯ ಶತಮಾನದಲ್ಲಿ ಅಳಿದದ್ದನ್ನು 1996ರಲ್ಲಿ ಸಾರನಾಥ, 1998ರಲ್ಲಿ ಬೋಧಗಯಾ ಮತ್ತು ದಂಬುಳ್ಳದ ದೀಕ್ಷೆಗಳು ಮತ್ತೆ ಚಿಗುರಿಸಿದವು. ಹಲವು ಹಿರಿಯ ಭಿಕ್ಷುಗಳು ಇನ್ನೂ ಒಪ್ಪಿಲ್ಲ. 2016ರ ಡಿಸೆಂಬರ್‌ನಲ್ಲಿ ನಮ್ಮ ಮುಂಡಗೋಡಿನಲ್ಲಿ ದಲೈ ಲಾಮಾ 20 ಸನ್ಯಾಸಿನಿಯರಿಗೆ ‘ಗೆಶೆಮಾ’ ಪದವಿ ಕೊಟ್ಟರು. ಭಿಕ್ಷುಗಳಿಗಷ್ಟೇ ಮೀಸಲಾಗಿದ್ದ ಅತ್ಯುನ್ನತ ವಿದ್ಯಾಪದವಿ ಅದು. 2022ರಲ್ಲಿ ಭೂತಾನ್‌ನಲ್ಲಿ ನೂರಕ್ಕೂ ಹೆಚ್ಚು ಮಹಿಳೆಯರು ಪೂರ್ಣ ದೀಕ್ಷೆ ಪಡೆದರು. ಹೊರಗಿನವರ ಗೊಣಗಾಟ ಅಂದು ನಿಯಮ ಕಟ್ಟಿತ್ತು. ಇಂದಿನ ಗೊಣಗಾಟ ಯಾವ ನಿಯಮವನ್ನು ಅಲುಗಿಸೀತು ಎಂಬುದು ತೆರೆದೇ ಇರುವ ಪ್ರಶ್ನೆ.

ಸೀಗೆ ಹುಣ್ಣಿಮೆಯ ಸಂಜೆ

ಗುರುಪೂರ್ಣಿಮೆಯ ಮರುದಿನ ತೊಡಗುವ ವರ್ಷಾವಾಸ ಮುಗಿಯುವುದು ನಾವು ಸೀಗೆ ಹುಣ್ಣಿಮೆ ಎನ್ನುವ ಆಶ್ವೀಜದ ಹುಣ್ಣಿಮೆಯ ಹೊತ್ತಿಗೆ. ಮೂರು ತಿಂಗಳು ಒಂದೇ ಸೂರಿನಡಿ ಇದ್ದವರು ಅಂದು ‘ಪವಾರಣೆ’ಗೆ ಸೇರುತ್ತಾರೆ. ಪವಾರಣೆ ಎಂದರೆ ಆಹ್ವಾನ.

ಮೊದಲು ಏಳುವವರು ಎಲ್ಲರಿಗಿಂತ ಹಿರಿಯರು. ಕುಕ್ಕರುಗಾಲಲ್ಲಿ ಕುಳಿತು, ಕೈಮುಗಿದು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಶಂಕೆ ಬಂದಿದ್ದರೂ ಸರಿ, ಕನಿಕರವಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಮೂರು ಸಲ ಸಂಘವನ್ನು ಕೇಳಿಕೊಳ್ಳುತ್ತಾರೆ. ಮೊನ್ನೆ ಮೊನ್ನೆ ಉಪಸಂಪದೆ, ಅಂದರೆ ಪೂರ್ಣ ದೀಕ್ಷೆ ಪಡೆದ ಹುಡುಗನೂ ಆ ಸಂಘದಲ್ಲಿ ಕುಳಿತಿರುತ್ತಾನೆ. ಹೇಳುವ ಅಧಿಕಾರ ಅವನಿಗೂ ಇದೆ. ಸಾಲು ಹಾಗೆಯೇ ಕೆಳಗಿಳಿದು ಅವನನ್ನು ಮುಟ್ಟಿದಾಗ ಅವನೂ ಅದೇ ಮಾತನ್ನು ಕೇಳಿಕೊಳ್ಳುತ್ತಾನೆ.

ಮರುದಿನದಿಂದ ಒಂದು ತಿಂಗಳೊಳಗೆ ಊರವರು ‘ಕಠಿನ’, ಅಂದರೆ ವರ್ಷಾವಾಸ ಮುಗಿಸಿದ ಸಂಘಕ್ಕೆ ಕೊಡುವ ಬಟ್ಟೆ ತರುತ್ತಾರೆ. ಭಿಕ್ಷುಗಳೆಲ್ಲ ಕೈಗೂಡಿಸಿ ಅದನ್ನು ಕತ್ತರಿಸಿ, ಗದ್ದೆಯ ಬದುವಿನಂತೆ ಜೋಡಿಸಿ, ಬಣ್ಣ ಹಾಕಿ, ಬೆಳಗಾಗುವುದರೊಳಗೆ ಒಂದು ಚೀವರ ಮುಗಿಸಬೇಕು. ಬೆಳಗಾದ ಮೇಲೆ ಪಾತ್ರೆಗಳು ಬೀದಿಗೆ ಬರುತ್ತವೆ. ಬಾಗಿಲಲ್ಲಿ ಸೌಟು ಹಿಡಿದು ನಿಂತ ಅಜ್ಜಿ ಒಂದು ಸಲ ಹೊಸ ಹೊಲಿಗೆಯನ್ನು ನೋಡುತ್ತಾಳೆ, ಒಂದು ಸಲ ಭಿಕ್ಷುವಿನ ನಡಿಗೆಯನ್ನು ನೋಡುತ್ತಾಳೆ. ಆಮೇಲೆ ಅನ್ನ ಹಾಕುತ್ತಾಳೆ.